ಮನೆ ಕಂದಾಯ, ಖಾತೆ, ನಲ್ಲಿ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಏಪ್ರಿಲ್ ಬಂತೆಂದರೆ ಪುರಸಭೆಯ ಕಂದಾಯ ಶಾಖೆಯ ಮುಂದೆ ಸರದಿ ಉದ್ದವಾಗುತ್ತದೆ, ಅದರ ಜೊತೆಗೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ಪುರಸಭೆಯೊಂದರ ಕಂದಾಯ ಶಾಖೆಯಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದವನು ನಾನು. ಕಿಟಕಿಯ ಆಚೆ ನಿಂತವರ ಅನುಮಾನಗಳಲ್ಲಿ ಬಹುಪಾಲು ನ್ಯಾಯವಾದವು ಎಂಬುದು ಆಗಲೇ ನನಗೆ ತಿಳಿದಿತ್ತು, ಆದರೆ ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವಷ್ಟು ಹೊತ್ತು ಅಲ್ಲಿ ಸಿಗುತ್ತಿರಲಿಲ್ಲ. ಇಲ್ಲಿ ಆ ಹೊತ್ತು ಸಿಕ್ಕಿದೆ. ಪತ್ರ ಬರೆದವರ ಹೆಸರು, ಊರುಗಳನ್ನು ಬಿಟ್ಟು ಜಿಲ್ಲೆಯನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಬೇರೆಯಾಗಿ ಹೇಳದಿದ್ದ ಕಡೆ, ಉತ್ತರಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಗೆ ಒಳಪಟ್ಟ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಿಗೆ ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮ ಮನೆಯ ತೆರಿಗೆ 2,000 ರೂಪಾಯಿ ಎಂದು ಲೆಕ್ಕ ಹಾಕಿಕೊಂಡು ಬ್ಯಾಂಕಿಗೆ ಹೋದೆವು. ಚಲನ್‌ನಲ್ಲಿ 2,480 ರೂಪಾಯಿ ಬಂದಿತ್ತು, ಕಸದ ಶುಲ್ಕ ಅದಕ್ಕೂ ಬೇರೆ. ಅದರಲ್ಲಿ ‘ಭಿಕ್ಷುಕರ ಕರ’ ಎಂಬ ಸಾಲನ್ನು ಕಂಡು ನಮ್ಮ ಯಜಮಾನರು ತುಂಬ ಬೇಸರಪಟ್ಟುಕೊಂಡರು. ನಾವು ಯಾವುದಕ್ಕೆ ಹಣ ಕಟ್ಟುತ್ತಿದ್ದೇವೆ? – ಗೃಹಿಣಿ, ಹಾವೇರಿ ಜಿಲ್ಲೆ

ಉತ್ತರ: ತಾವು ಕೊಟ್ಟಿರುವ ಅಂಕಿ ಸರಿಯಾಗಿದೆ, ತಮ್ಮಿಂದ ಹೆಚ್ಚಿಗೆ ಏನನ್ನೂ ವಸೂಲು ಮಾಡಿಲ್ಲ. 2,000 ರೂಪಾಯಿ ಆಸ್ತಿ ತೆರಿಗೆ ಪುರಸಭೆಗೆ ಸೇರುವ ಹಣ. ಅದರ ಮೇಲೆ ಶೇ 15ರಂತೆ ಆರೋಗ್ಯ ಕರ 300 ರೂಪಾಯಿ, ಶೇ 6ರಂತೆ ಗ್ರಂಥಾಲಯ ಕರ 120 ರೂಪಾಯಿ, ಶೇ 3ರಂತೆ ಭಿಕ್ಷುಕರ ಕರ 60 ರೂಪಾಯಿ. ಈ ಮೂರೂ ಸೇರಿದರೆ 480. ಆರೋಗ್ಯ ಕರ 1962ರ ಕಾಯ್ದೆಯಿಂದ, ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ, ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದಿವೆ. ಇವನ್ನು ಪುರಸಭೆ ವಸೂಲು ಮಾಡಿದರೂ ತನ್ನ ಹತ್ತಿರ ಇಟ್ಟುಕೊಳ್ಳುವಂತಿಲ್ಲ, ಆಯಾ ಇಲಾಖೆಗೆ ಅಥವಾ ಸಮಿತಿಗೆ ಜಮಾ ಮಾಡಬೇಕು.

ತಮ್ಮ ಯಜಮಾನರ ಬೇಸರ ನನಗೆ ಅರ್ಥವಾಗುತ್ತದೆ. ಆ ಕರಕ್ಕೆ ಇಟ್ಟ ಹೆಸರೇ ಒರಟಾಗಿದೆ. ಆದರೆ ಬೀದಿಪಾಲಾದವರಿಗೆ ಆಶ್ರಯ, ಊಟ, ಚಿಕಿತ್ಸೆ ಕೊಡುವ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಆ 60 ರೂಪಾಯಿಗಳಿಂದ. ಗ್ರಂಥಾಲಯ ಕರದ ವಿಷಯದಲ್ಲಿ ನನ್ನದೊಂದು ಮನವಿಯಿದೆ. ತಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಈ ವರ್ಷ ಪುರಸಭೆಯಿಂದ ಎಷ್ಟು ಕರ ಬಂತು, ಎಷ್ಟು ಬಾಕಿ ಇದೆ ಎಂದು ಗ್ರಂಥಪಾಲಕರನ್ನು ಕೇಳಿ. ಜನರಿಂದ ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಖಾತೆಯಲ್ಲೇ ಉಳಿಸಿಕೊಳ್ಳುವುದು ಹಳೆಯ ಕಾಯಿಲೆ, ಮತ್ತು ಕೇಳುವವರಿದ್ದ ಕಡೆ ಅದು ಕಡಿಮೆಯಾಗಿರುವುದನ್ನು ನಾನೇ ಕಂಡಿದ್ದೇನೆ.

ಮೂಲ ತೆರಿಗೆಯನ್ನು ಲೆಕ್ಕ ಹಾಕುವುದು ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಆಧಾರದ ಮೇಲೆ. ನಿವೇಶನದ ಮೌಲ್ಯ, ಕಟ್ಟಡದ ಅಳತೆ, ಕಟ್ಟಡಕ್ಕೆ ಆಗಿರುವ ವಯಸ್ಸಿನ ಸವಕಳಿ, ವಾಸದ್ದೋ ವಾಣಿಜ್ಯದ್ದೋ ಎಂಬ ಬಗೆ ಇವೆಲ್ಲ ಅದರಲ್ಲಿ ಸೇರುತ್ತವೆ. ಹಿಂದೆ ಮೂರು ವರ್ಷಕ್ಕೊಮ್ಮೆ ಒಟ್ಟಿಗೆ ಏರುತ್ತಿದ್ದ ತೆರಿಗೆ ಈಗ ವರ್ಷ ವರ್ಷವೂ ಶೇ 3ರಿಂದ 5ರಷ್ಟು ಏರುವ ವ್ಯವಸ್ಥೆಯಾಗಿದೆ, ಆದ್ದರಿಂದ ಹೋದ ವರ್ಷದ ರಸೀದಿಯ ಮೊತ್ತವೇ ಈ ವರ್ಷವೂ ಇರುತ್ತದೆಂದು ತಿಳಿಯಬಾರದು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ ಬೀಳುತ್ತದೆ. ತಮ್ಮ 2,000 ರೂಪಾಯಿಗೆ ಏಪ್ರಿಲ್‌ನಲ್ಲಿ 100 ರೂಪಾಯಿ ಉಳಿಯುತ್ತದೆ, ಮಾರ್ಚ್‌ವರೆಗೆ ಬಿಟ್ಟರೆ ಒಂಬತ್ತು ತಿಂಗಳಿಗೆ 360 ರೂಪಾಯಿ ಮೇಲೆ ಬೀಳುತ್ತದೆ.

ಪ್ರಶ್ನೆ: ಕಂದಾಯ ವಸೂಲಿಗೆ ಮನೆಗೆ ಬಂದವರ ಕೈಗೆ ಹಣ ಕೊಟ್ಟೆವು. ‘ರಸೀದಿ ಪುಸ್ತಕ ಮುಗಿದಿದೆ, ನಾಳೆ ತಂದುಕೊಡುತ್ತೇನೆ’ ಎಂದರು. ಎರಡು ತಿಂಗಳಾಯಿತು. ಕಚೇರಿಯಲ್ಲಿ ವಿಚಾರಿಸಿದರೆ ಬಾಕಿ ತೋರಿಸುತ್ತಿದೆ. – ನಿವೃತ್ತ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ರಸೀದಿ ಇಲ್ಲದೆ ಕೊಟ್ಟ ಹಣ ಪುರಸಭೆಯ ಲೆಕ್ಕದಲ್ಲಿ ಬಂದೇ ಇಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಏಕೆಂದರೆ ವಸೂಲಿಗೆ ಬರುವವರಲ್ಲಿ ಪ್ರಾಮಾಣಿಕರೇ ಹೆಚ್ಚು, ಮತ್ತು ತಾವು ಅವರ ಮುಖ ನೋಡಿ ನಂಬಿದ್ದೀರಿ. ಈಗ ತಾವು ಮಾಡಬೇಕಾದದ್ದು ಇಷ್ಟು. ಹಣ ಕೊಟ್ಟ ದಿನಾಂಕ, ಮೊತ್ತ, ಬಂದವರ ಹೆಸರು ಮತ್ತು ಆ ಹೊತ್ತಿನಲ್ಲಿ ಮನೆಯಲ್ಲಿದ್ದ ಸಾಕ್ಷಿಗಳನ್ನು ಬರೆದು ಮುಖ್ಯಾಧಿಕಾರಿಗಳಿಗೆ ದೂರು ಕೊಡಿ. ನಗರಸಭೆಯಾದರೆ ಪೌರಾಯುಕ್ತರಿಗೆ ಕೊಡಬೇಕು. ದೂರಿನ ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಮುಂದೆ ಚಲನ್ ಮೂಲಕ ಬ್ಯಾಂಕಿನಲ್ಲೋ, ಆನ್‌ಲೈನ್‌ನಲ್ಲೋ ಕಟ್ಟಿ.

ಈ ಮಾತಿಗೆ ನನ್ನ ಮೇಜಿನ ಮುಂದೆಯೇ ನಡೆದದ್ದೊಂದನ್ನು ಹೇಳಬೇಕು. ಕಂಪ್ಯೂಟರಿಗೆ ಹಳೆಯ ವಹಿಗಳನ್ನು ಏರಿಸಿದ ವರ್ಷ, ನೇಕಾರಿಕೆ ಮಾಡಿಕೊಂಡಿದ್ದ ಹಿರಿಯರೊಬ್ಬರಿಗೆ ಹನ್ನೊಂದು ವರ್ಷದ ಬಾಕಿ ಎಂದು ನೋಟಿಸು ಹೋಯಿತು. ಅವರು ಏನೂ ಮಾತಾಡಲಿಲ್ಲ. ಮರದ ಬಿಲ್ಲೆಗೆ ಕೊಕ್ಕೆತಂತಿ ಸಿಕ್ಕಿಸಿ ರಸೀದಿ ಚುಚ್ಚಿಡುತ್ತಿದ್ದರಲ್ಲ, ಅದನ್ನೇ ಮನೆಯಿಂದ ತಂದು ಮೇಜಿನ ಮೇಲಿಟ್ಟರು. ಅಡುಗೆಮನೆಯ ಹೊಗೆಗೆ ಕಂದಿದ ಕಾಗದಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸಿದೆವು. ನಡುವಿನ ತೂತಿನ ಸುತ್ತ ತುಕ್ಕಿನ ಕಲೆ ಇತ್ತು, ಆದರೆ ರಸೀದಿ ಸಂಖ್ಯೆ, ವರ್ಷ, ಸಹಿ ಎಲ್ಲವೂ ಓದುವಂತಿದ್ದವು. ಹನ್ನೊಂದಕ್ಕೆ ಹನ್ನೊಂದೂ ಇದ್ದವು. ಹಳೆಯ ವಹಿಯಿಂದ ಕಂಪ್ಯೂಟರಿಗೆ ಏರಿಸುವಾಗ ಒಂದು ಪುಟವೇ ಬಿಟ್ಟುಹೋಗಿತ್ತು. ತಪ್ಪು ನಮ್ಮ ಕಚೇರಿಯದು. ಅವರ ಹತ್ತಿರ ಆ ತಂತಿ ಇಲ್ಲದಿದ್ದರೆ ಅದನ್ನು ಒಪ್ಪಿಸುವುದು ಎಷ್ಟು ಕಷ್ಟವಾಗುತ್ತಿತ್ತೆಂದು ನನಗೆ ಗೊತ್ತು.

ಆನ್‌ಲೈನ್‌ನಲ್ಲಿ ಕಟ್ಟುವವರು ಮೊಬೈಲಿಗೆ ಬಂದ ಸಂದೇಶವನ್ನು ನೆಚ್ಚಿಕೊಂಡು ಕೂರಬಾರದು. ರಸೀದಿಯನ್ನು ಇಳಿಸಿಕೊಂಡು ಮುದ್ರಿಸಿ ಇಡಬೇಕು. ರಸೀದಿ ಕಳೆದುಹೋಗಿದ್ದರೆ, ಆ ವರ್ಷದ ಬೇಡಿಕೆ, ವಸೂಲಿ, ಬಾಕಿ ವಹಿಯಲ್ಲಿ ತಮ್ಮ ಸ್ವತ್ತಿನ ಪುಟದ ದೃಢೀಕೃತ ನಕಲಿಗೆ ಅರ್ಜಿ ಕೊಡಬಹುದು.

ಪ್ರಶ್ನೆ: ತಂದೆ ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆಯ ಖಾತೆ ಈಗಲೂ ಅವರ ಹೆಸರಿನಲ್ಲಿದೆ. ಅಣ್ಣ ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳುತ್ತೇನೆ, ಸಮ್ಮತಿಗೆ ಸಹಿ ಹಾಕು ಎನ್ನುತ್ತಿದ್ದಾನೆ. ‘ಖಾತೆ ಬರೀ ಕಂದಾಯ ಕಟ್ಟೋದಕ್ಕೆ, ಅದರಿಂದ ನಿನ್ನ ಪಾಲು ಎಲ್ಲಿಗೂ ಹೋಗೋಲ್ಲ’ ಎನ್ನುತ್ತಾನೆ. ಅಣ್ಣನ ಮನಸ್ಸು ನೋಯಿಸಲು ನನಗಿಷ್ಟವಿಲ್ಲ. ಸಹಿ ಹಾಕಬಹುದೇ? – ಓದುಗರೊಬ್ಬರು, ಧಾರವಾಡ ಜಿಲ್ಲೆ

ಉತ್ತರ: ತಂಗೀ, ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಮೊದಲು ಹೇಳುತ್ತೇನೆ. ಖಾತೆ ಎಂದರೆ ಮಾಲೀಕತ್ವದ ಹಕ್ಕುಪತ್ರವಲ್ಲ. ಇಂಥ ಸ್ವತ್ತಿನ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಪುರಸಭೆ ಬರೆದಿಟ್ಟುಕೊಳ್ಳುವ ದಾಖಲೆ ಅದು. ಖಾತೆಯಲ್ಲಿ ಹೆಸರಿರುವುದರಿಂದಲೇ ಒಬ್ಬರಿಗೆ ಹಕ್ಕು ಹುಟ್ಟುವುದಿಲ್ಲ, ಹೆಸರಿಲ್ಲದ್ದರಿಂದ ಇನ್ನೊಬ್ಬರ ಹಕ್ಕು ಹೋಗುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

ಉಳಿದ ಅರ್ಧ ಹೀಗಿದೆ. ಇವತ್ತು ಯಾವುದೇ ಮಾರಾಟಕ್ಕೆ, ಬ್ಯಾಂಕಿನ ಸಾಲಕ್ಕೆ, ಕಟ್ಟಡ ಪರವಾನಗಿಗೆ ಮೊದಲು ಕೇಳುವುದೇ ಇ-ಆಸ್ತಿ ತಂತ್ರಾಂಶದಲ್ಲಿ ಬರುವ ನಮೂನೆ-3, ಅಂದರೆ ಜನ ಇ-ಖಾತೆ ಎನ್ನುವ ಕಾಗದ. ಅದರಲ್ಲಿ ಒಬ್ಬರದೇ ಹೆಸರಿದ್ದರೆ ಅವರೊಬ್ಬರೇ ಹೋಗಿ ವ್ಯವಹಾರ ನಡೆಸಲು ದಾರಿಯಾಗುತ್ತದೆ. ಆಮೇಲೆ ನಿಮ್ಮ ಪಾಲು ಕೇಳಲು ನೀವು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಪಾಲು ಹೋಗಿರುವುದಿಲ್ಲ, ಆದರೆ ಅದನ್ನು ಪಡೆಯಲು ವರ್ಷಗಳು ಹೋಗುತ್ತವೆ.

ನೀವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರಾದರೆ ನಿಮ್ಮ ಹಕ್ಕಿನ ವಿಷಯದಲ್ಲಿ ಗೊಂದಲ ಬೇಡ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಆ ಕಾಯ್ದೆಯಂತೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಪಾಲುದಾರರು. ಪಿತ್ರಾರ್ಜಿತವಾಗಿದ್ದರೆ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯ 1994ರಲ್ಲಿಯೇ ಜಾರಿಗೆ ತಂದಿತ್ತು. ಕೇಂದ್ರದ ಕಾಯ್ದೆ 2005ರಲ್ಲಿ ತಿದ್ದುಪಡಿಯಾಯಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ.

ಹಾಗಾಗಿ ನಾನು ಸೂಚಿಸುವುದು ಜಂಟಿ ಖಾತೆ. ತಂದೆಯ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಸ್ವತ್ತಿನ ಮೂಲ ಪತ್ರ, ತೆರಿಗೆ ರಸೀದಿ, ಎಲ್ಲ ವಾರಸುದಾರರ ಗುರುತಿನ ಚೀಟಿ ಇಟ್ಟು, ತಾಯಿ, ಅಣ್ಣ, ನೀವು ಮೂವರ ಹೆಸರಿಗೂ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವ ಖಾತೆ) ಕೇಳಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೀವೇ ಕಣ್ಣಾರೆ ನೋಡಿಕೊಳ್ಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ವಂಶವೃಕ್ಷಗಳು ನನ್ನ ಮೇಜಿಗೆ ಎಷ್ಟು ಬಂದಿವೆ ಎಂದರೆ, ಕೊನೆಕೊನೆಗೆ ‘ಅಕ್ಕತಂಗಿಯರು ಇಲ್ಲವೇ?’ ಎಂದು ಬಾಯಿಬಿಟ್ಟು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ.

ಪಾಲನ್ನು ಅಣ್ಣನಿಗೆ ಬಿಟ್ಟುಕೊಡಬೇಕೆಂದು ನಿಮಗೇ ಮನಸ್ಸಿದ್ದರೆ ಅದು ನಿಮ್ಮ ಇಷ್ಟ. ಆದರೆ ಅದಕ್ಕೆ ದಾರಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಅದನ್ನು ಉಪನೋಂದಣಾಧಿಕಾರಿಗಳ ಮುಂದೆ ತಿಳಿದು ಬರೆದುಕೊಡಬೇಕು. ಖಾಲಿ ಛಾಪಾ ಕಾಗದಕ್ಕೆ, ಓದಿಲ್ಲದ ಸಮ್ಮತಿ ಪತ್ರಕ್ಕೆ ಸಹಿ ಹಾಕಬೇಡಿ. ಮಾತು ಮುರಿದರೆ, ನಿಮಗೆ ತಿಳಿಸದೆ ಖಾತೆ ಬದಲಿಸಬಾರದೆಂದು ಮುಖ್ಯಾಧಿಕಾರಿಗಳಿಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಯಾರ ಪಾಲು ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ, ಆದರೆ ತಕರಾರು ಕಡತದಲ್ಲಿರುವಾಗ ಅದನ್ನು ವಿಚಾರಿಸದೆ ಮುಂದುವರಿಯುವುದು ಅವರಿಗೆ ಸುಲಭವಲ್ಲ.

ಪ್ರಶ್ನೆ: ನಮ್ಮ ನಿವೇಶನಕ್ಕೆ ‘ಬಿ ಖಾತೆ’ ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಂಡರೆ ಸಕ್ರಮವಾದಂತೆಯೇ? – ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇಲ್ಲ. ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಅಥವಾ ಬಡಾವಣೆಯ ಅನುಮೋದನೆ ಇಲ್ಲದ ಸ್ವತ್ತನ್ನು ತೆರಿಗೆಯ ವ್ಯಾಪ್ತಿಗೆ ತರಲು ಬೇರೆ ವಹಿಯಲ್ಲಿ ಬರೆಯುವ ವ್ಯವಸ್ಥೆ ಅದು. 2025ರ ಫೆಬ್ರುವರಿಯಲ್ಲಿ ಆರಂಭವಾದ ಅಭಿಯಾನದಲ್ಲಿ, 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಇಂಥ ಸ್ವತ್ತುಗಳಿಗೆ ಮೊದಲ ಸಲ ಎರಡು ಪಟ್ಟು ತೆರಿಗೆ ಕಟ್ಟಿಸಿಕೊಂಡು ಬಿ ಖಾತೆ ಕೊಡುವುದೆಂದು ಸರ್ಕಾರ ತೀರ್ಮಾನಿಸಿತು. ಹಣ ಕಟ್ಟಿದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಮಂಜೂರಾತಿ ಬಂದಂತಾಗುವುದಿಲ್ಲ. ಹೊಸದಾಗಿ ನಿವೇಶನ ಕೊಳ್ಳುವವರು ‘ಬಿ ಖಾತೆ ಇದೆಯಲ್ಲ’ ಎಂಬ ದಲ್ಲಾಳಿಯ ಮಾತಿಗೆ ಮುಂಗಡ ಕೊಡಬಾರದು.

ಪ್ರಶ್ನೆ: ಹಳ್ಳಿಯಲ್ಲಿರುವ ನಮ್ಮ ಮನೆಗೆ ಗ್ರಾಮ ಪಂಚಾಯಿತಿಯವರು 11-ಬಿ ಕೊಟ್ಟಿದ್ದಾರೆ. ಪಕ್ಕದ ಮನೆಗೆ 9 ಮತ್ತು 11-ಎ ಇದೆ. ಏಕೆ ಈ ಭೇದ? – ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಗ್ರಾಮ ಪಂಚಾಯಿತಿಗಳು ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ, ಅಲ್ಲಿನ ದಾಖಲೆ ಇ-ಸ್ವತ್ತು ತಂತ್ರಾಂಶದಲ್ಲಿ ಬರುತ್ತದೆ. ಗ್ರಾಮಠಾಣಾದಲ್ಲಿರುವ, ಅಂದರೆ ಊರಿನ ವಾಸಕ್ಕೆಂದು ಗುರುತಿಸಿದ ಜಾಗದಲ್ಲಿರುವ ಮನೆಗೆ, ಅಥವಾ ಭೂಪರಿವರ್ತನೆಯಾಗಿ ಅನುಮೋದನೆ ಪಡೆದ ಬಡಾವಣೆಯ ಸ್ವತ್ತಿಗೆ ನಮೂನೆ 9 ಮತ್ತು 11-ಎ ಸಿಗುತ್ತದೆ. ಪರಿವರ್ತನೆಯಾಗದ ಜಮೀನಿನಲ್ಲಿ ಕಟ್ಟಿದ ಮನೆಗೆ 11-ಬಿ. ನಿಮ್ಮ ಮನೆ ಗ್ರಾಮಠಾಣಾದ ಗಡಿಯೊಳಗೇ ಇದ್ದೂ 11-ಬಿ ಬಂದಿದ್ದರೆ, ಅಳತೆ ಮಾಡಿಸಿ ನಕ್ಷೆಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತಿದ್ದುಪಡಿಗೆ ಅರ್ಜಿ ಕೊಡಿ.

ಪ್ರಶ್ನೆ: ಮಗಳ ಚೊಚ್ಚಲ ಹೆರಿಗೆ ನಮ್ಮೂರಿನ ಆಸ್ಪತ್ರೆಯಲ್ಲಿ ಆಯಿತು. ಅಳಿಯಂದಿರು ತಮ್ಮೂರಿನ ನಗರಸಭೆಯಲ್ಲಿ ಜನನ ಪ್ರಮಾಣಪತ್ರ ಕೇಳಿದರೆ ಅಲ್ಲಿ ಕೊಡುವುದಿಲ್ಲ ಎಂದರಂತೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ, ಅದಕ್ಕೂ ತೊಂದರೆಯಾಗುವುದೇ? – ಅಜ್ಜಿಯೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಅಮ್ಮಾ, ಮೊಮ್ಮಗು ಸುಖವಾಗಿರಲಿ. ಜನನವನ್ನು ನೋಂದಾಯಿಸುವುದು ಮಗು ಹುಟ್ಟಿದ ಊರಿನಲ್ಲಿ, ತಂದೆತಾಯಿ ವಾಸವಿರುವ ಊರಿನಲ್ಲಿ ಅಲ್ಲ. ತವರಿನಲ್ಲಿ ಹೆರಿಗೆಯಾದ ಎಷ್ಟೋ ಮನೆಗಳಲ್ಲಿ ಈ ಗೊಂದಲ ಆಗುತ್ತದೆ. ಆಸ್ಪತ್ರೆಯ ಹೆರಿಗೆಯಾದರೆ ಅಲ್ಲಿಯವರೇ ನೋಂದಣಿಗೆ ವರದಿ ಕಳಿಸುತ್ತಾರೆ. ತಾವು ಆಸ್ಪತ್ರೆಯಲ್ಲಿ ವಿಚಾರಿಸಿ, ತಂದೆತಾಯಿಯರ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ವರದಿ ಹೋಗುವ ಮೊದಲೇ ನೋಡಿಕೊಳ್ಳಿ. ಆಮೇಲೆ ತಿದ್ದಿಸುವುದಕ್ಕಿಂತ ಅದು ಸಾವಿರ ಪಾಲು ಸುಲಭ.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ತಿಳಿಸಿದರೆ ಯಾವ ಶುಲ್ಕವೂ ಇಲ್ಲ, ಮೊದಲ ಪ್ರತಿಯೂ ಉಚಿತ. 21ರಿಂದ 30 ದಿನದೊಳಗಾದರೆ ವಿಳಂಬ ಶುಲ್ಕ ಕಟ್ಟಿದರೆ ಸಾಕು. ಅದನ್ನೂ ಮೀರಿ ಒಂದು ವರ್ಷದೊಳಗಾದರೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ತರಬೇಕು. ಹೆಸರಿನ ವಿಷಯಕ್ಕೆ ಅವಸರವಿಲ್ಲ. ಹೆಸರಿಲ್ಲದೆಯೇ ನೋಂದಣಿ ಆಗುತ್ತದೆ. ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೂ ನಾಮಕರಣವಾದ ಕೂಡಲೇ ಸೇರಿಸಿಬಿಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿಯವರೆಗೆ ಜನ್ಮದಿನ ಮತ್ತು ಹುಟ್ಟಿದ ಊರಿನ ಪುರಾವೆ ಈ ಪ್ರಮಾಣಪತ್ರವೇ.

ಪ್ರಶ್ನೆ: ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಆದರೆ ತಿಂಗಳ ಶುಲ್ಕ ಪೂರ್ತಿ ಕೇಳುತ್ತಾರೆ. ಕಟ್ಟದಿದ್ದರೆ ನಲ್ಲಿ ಕತ್ತರಿಸುತ್ತೇವೆ ಎನ್ನುತ್ತಾರೆ. ಇದು ನ್ಯಾಯವೇ? – ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ, ಆದರೆ ನಿಯಮ ತಮ್ಮ ಪರವಾಗಿಲ್ಲ. ಮೀಟರ್ ಇಲ್ಲದ ನಲ್ಲಿಗೆ ತಿಂಗಳಿಗೆ ಇಷ್ಟು ಎಂದು ದರ ಗೊತ್ತುಪಡಿಸಲಾಗಿರುತ್ತದೆ, ಎಷ್ಟು ಕೊಡ ನೀರು ಬಂತು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಶುಲ್ಕ ಕಟ್ಟದೆ ಪ್ರತಿಭಟಿಸಿದರೆ ಬಾಕಿ ಬೆಳೆಯುತ್ತದೆ, ಸಂಪರ್ಕವೂ ತಪ್ಪಬಹುದು. ಹೀಗಾಗಿ ಕಟ್ಟುತ್ತಲೇ ಕೇಳುವುದು ಒಳ್ಳೆಯದು. ನೀರು ಬಿಟ್ಟ ದಿನ ಮತ್ತು ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಗುರುತು ಹಾಕಿ. ಬೀದಿಯ ಹತ್ತು ಮನೆಯವರು ಹಾಗೆ ಮಾಡಿ, ಅದರ ನಕಲಿನೊಂದಿಗೆ ವಾರ್ಡ್ ಸದಸ್ಯರಿಗೂ ಮುಖ್ಯಾಧಿಕಾರಿಗಳಿಗೂ ಅರ್ಜಿ ಕೊಡಿ. ‘ನೀರು ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ‘ಪಕ್ಕದ ಬೀದಿಗೆ ಮೂರು ದಿನಕ್ಕೊಮ್ಮೆ, ನಮಗೆ ಎಂಟು ದಿನಕ್ಕೊಮ್ಮೆ, ತಾರೀಖುಗಳು ಇಲ್ಲಿವೆ’ ಎಂದು ಬರೆದ ದೂರಿಗೆ ಇಂಜಿನಿಯರು ವಾಲ್ವಿನ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಿಗಾಗಿ ಇರುವ ಜನಹಿತ ಆ್ಯಪ್‌ನಲ್ಲಿ, ಇಲ್ಲವೇ ಸರ್ಕಾರದ 1902 ಸಹಾಯವಾಣಿಯಲ್ಲಿ ಕೂಡ ದೂರು ದಾಖಲಿಸಿ ಸಂಖ್ಯೆ ಪಡೆಯಬಹುದು.

ಹೊಸ ನಲ್ಲಿ ಹಾಕಿಸುವವರಿಗೆ ಒಂದು ಮಾತು. ಠೇವಣಿ, ಸಂಪರ್ಕ ಶುಲ್ಕ, ರಸ್ತೆ ಅಗೆತದ ಶುಲ್ಕ ಇವು ಮೂರೂ ಬೇರೆ ಬೇರೆ, ಮೂರಕ್ಕೂ ಕಚೇರಿಯ ರಸೀದಿ ಇರಬೇಕು. ಪ್ಲಂಬರಿಗೆ ಕೊಡುವ ಕೂಲಿ ಇವುಗಳಲ್ಲಿ ಸೇರಿಲ್ಲ. ಎಲ್ಲವನ್ನೂ ಸೇರಿಸಿ ‘ಇಷ್ಟು ಕೊಟ್ಟುಬಿಡಿ, ನಾನು ನೋಡಿಕೊಳ್ಳುತ್ತೇನೆ’ ಎನ್ನುವವರ ಕೈಗೆ ಹಣ ಕೊಟ್ಟು ಪಡೆದ ಸಂಪರ್ಕ ಎಷ್ಟೋ ಸಲ ವಹಿಯಲ್ಲೇ ಇರುವುದಿಲ್ಲ, ಮುಂದೆ ಅಕ್ರಮ ನಲ್ಲಿ ಎಂದು ದಂಡ ಕಟ್ಟಬೇಕಾದವರು ಮನೆಯವರು.

ಪ್ರಶ್ನೆ: ನಮ್ಮ ಹಸಿ ಕಸವನ್ನು ಹಿತ್ತಲಿನಲ್ಲೇ ಗೊಬ್ಬರ ಮಾಡುತ್ತೇವೆ. ಆದರೂ ಕಸದ ಶುಲ್ಕ ಏಕೆ? – ಓದುಗರೊಬ್ಬರು, ದಕ್ಷಿಣ ಕನ್ನಡ ಜಿಲ್ಲೆ

ಉತ್ತರ: ತಾವು ಮಾಡುತ್ತಿರುವುದು ತುಂಬ ಒಳ್ಳೆಯ ಕೆಲಸ. ಆದರೆ ಆ ಶುಲ್ಕ ತಮ್ಮ ಮನೆಯ ಬುಟ್ಟಿಯ ತೂಕದ ಮೇಲೆ ನಿಂತಿಲ್ಲ. ತಮ್ಮ ಒಣ ಕಸ, ಬೀದಿ ಗುಡಿಸುವುದು, ಸಾಗಣೆ, ವಿಲೇವಾರಿ ಎಲ್ಲವೂ ಅದರಲ್ಲಿ ಸೇರಿವೆ. ಮನೆಯಲ್ಲೇ ಗೊಬ್ಬರ ಮಾಡುವವರಿಗೆ ರಿಯಾಯಿತಿ ಕೊಡುವಂತೆ ಕೌನ್ಸಿಲ್ ಸಭೆಯ ಮುಂದಿಡಲು ವಾರ್ಡ್ ಸದಸ್ಯರನ್ನು ಕೇಳುವುದಂತೂ ನ್ಯಾಯವಾದ ಬೇಡಿಕೆ. ಬಳಸಿದ ಸ್ಯಾನಿಟರಿ ಪ್ಯಾಡು, ಮಕ್ಕಳ ಡಯಾಪರುಗಳನ್ನು ಬೇರೆಯಾಗಿ ಸುತ್ತಿ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳು ಹೇಳಿವೆ. ಕೊಡದಿದ್ದರೆ ಅದನ್ನು ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕ ಹೆಣ್ಣುಮಕ್ಕಳು.

ಪ್ರಶ್ನೆ: ನಮ್ಮ ಬಡಾವಣೆಗೆ ಒಳಚರಂಡಿ ಬಂದಿಲ್ಲ. ಶೌಚಗುಂಡಿ ತುಂಬಿದೆ. ಪುರಸಭೆಯ ಸಕ್ಕಿಂಗ್ ಯಂತ್ರ ಹದಿನೈದು ದಿನವಾದರೂ ಬಂದಿಲ್ಲ. ಕೆಳಗಿನ ಗಟ್ಟಿ ಹೂಳು ಯಂತ್ರಕ್ಕೆ ಬರುವುದಿಲ್ಲ, ಆಳು ಇಳಿಸಿ ತೆಗೆಸಿ ಎಂದು ನೆರೆಯವರು ಹೇಳುತ್ತಾರೆ. ಖರ್ಚೂ ಕಡಿಮೆಯಂತೆ. ಏನು ಮಾಡಲಿ? – ಓದುಗರು, ಕೋಲಾರ ಜಿಲ್ಲೆ

ಉತ್ತರ: ದಯವಿಟ್ಟು ಯಾರನ್ನೂ ಇಳಿಸಬೇಡಿ. ಈ ಉತ್ತರ ಅಚ್ಚಾಗುವವರೆಗೆ ಕಾಯದೆ ತಮಗೆ ಪತ್ರವನ್ನೂ ಬರೆದಿದ್ದೇನೆ.

ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಕಟ್ಟಿಕೊಂಡಿರುತ್ತವೆ. ಮೇಲೆ ನಿಂತವರಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಳಗೆ ಅನಿಲ ದಟ್ಟವಾಗಿದ್ದರೆ ಮೂಗಿಗೆ ಆ ವಾಸನೆಯೂ ತಿಳಿಯದಂತಾಗುತ್ತದೆ, ಇಳಿದವರು ವಾಸನೆ ಹೋಯಿತೆಂದುಕೊಳ್ಳುವ ಹೊತ್ತಿಗೆ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಮೇಲೆ ಬರುವುದಿಲ್ಲ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ, ಅವು ಹೀಗೆಯೇ ನಡೆದಿರುತ್ತವೆ.

2013ರ ಕಾಯ್ದೆಯಂತೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಶೌಚಗುಂಡಿ ಅಥವಾ ಒಳಚರಂಡಿ ಸ್ವಚ್ಛ ಮಾಡಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಇದು ಗುತ್ತಿಗೆದಾರರಿಗೂ ಅನ್ವಯಿಸುತ್ತದೆ, ಕೆಲಸ ಮಾಡಿಸಿದ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ದಂಡಕ್ಕೂ ಪರಿಹಾರಕ್ಕೂ ಹೆದರಿ ಮಾತ್ರ ಈ ಮಾತನ್ನು ಪಾಲಿಸಿ ಎಂದು ನಾನು ಕೇಳುತ್ತಿಲ್ಲ. ಕೂಲಿ ಕಡಿಮೆ ಎಂದರೆ, ಬೇರೆ ಕೆಲಸ ಸಿಗದ ಒಬ್ಬ ಮನುಷ್ಯ ಅಷ್ಟಕ್ಕೇ ಒಪ್ಪಿಕೊಂಡಿದ್ದಾನೆ ಎಂದು ಅರ್ಥ.

ಗಟ್ಟಿಯಾದ ಹೂಳಿಗೆ ದಾರಿಯಿದೆ. ಗುಂಡಿಗೆ ಒತ್ತಡದಿಂದ ನೀರು ಹಾಯಿಸಿ ಹೂಳನ್ನು ಕದಡಿ ಆಮೇಲೆ ಯಂತ್ರದಿಂದ ಎಳೆಸಬಹುದು, ಚಾಲಕರಿಗೆ ಇದು ಗೊತ್ತಿರುತ್ತದೆ. ಪುರಸಭೆಯಲ್ಲಿ ಶುಲ್ಕ ಕಟ್ಟಿ, ರಸೀದಿಯ ಸಂಖ್ಯೆಯೊಂದಿಗೆ ಆರೋಗ್ಯ ನಿರೀಕ್ಷಕರನ್ನು ಕಾಣಿ, ಸರದಿ ಪುಸ್ತಕದಲ್ಲಿ ತಮ್ಮದು ಎಷ್ಟನೆಯದು ಎಂದು ನೋಡಿ. ಯಂತ್ರ ಕೆಟ್ಟಿದ್ದರೆ ಪಕ್ಕದ ಪಟ್ಟಣದಿಂದ ತರಿಸಿಕೊಡುವಂತೆ ಬರೆದು ಕೇಳಿ. ಖಾಸಗಿ ಟ್ಯಾಂಕರ್ ಕರೆಸಿದರೆ, ತುಂಬಿಕೊಂಡದ್ದನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದು ಕೇಳದೆ ಹಣ ಕೊಡಬೇಡಿ. ರಾತ್ರಿ ಕೆರೆಯ ಅಂಗಳಕ್ಕೋ ರಾಜಕಾಲುವೆಗೋ ಬಿಟ್ಟರೆ ಅದು ಮತ್ತೆ ಊರಿನ ಬಾವಿಗೇ ಬರುತ್ತದೆ.

ಪ್ರಶ್ನೆ: ಯಾವ ಅರ್ಜಿ ಕೊಟ್ಟರೂ ‘ನಾಳೆ ಬನ್ನಿ’ ಎನ್ನುತ್ತಾರೆ. ಸಕಾಲದಿಂದ ಪ್ರಯೋಜನವಿದೆಯೇ? – ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಸಂಖ್ಯೆ ಪಡೆದರೆ ಇದೆ. 2011ರ ಕಾಯ್ದೆಯಂತೆ ಬಂದ ಸಕಾಲದಲ್ಲಿ ಖಾತೆ ಬದಲಾವಣೆ, ಉದ್ದಿಮೆ ಪರವಾನಗಿ, ಜನನ ಮರಣ ಪ್ರಮಾಣಪತ್ರದಂಥ ಸೇವೆಗಳಿಗೆ ದಿನಗಳು ಗೊತ್ತುಪಡಿಸಲ್ಪಟ್ಟಿವೆ. ಅರ್ಜಿ ಕೊಟ್ಟಾಗ 15 ಅಂಕಿಯ ಸ್ವೀಕೃತಿ ಸಂಖ್ಯೆ ಸಿಗಬೇಕು. ಅದಿಲ್ಲದೆ ಕೊಟ್ಟ ಅರ್ಜಿಗೆ ದಿನ ಎಣಿಸುವವರಿಲ್ಲ. ಅವಧಿ ಮೀರಿದರೆ, ಇಲ್ಲವೇ ಅರ್ಜಿ ತಿರಸ್ಕೃತವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ಅದನ್ನು ತಪ್ಪಿತಸ್ಥ ನೌಕರರಿಂದಲೇ ವಸೂಲು ಮಾಡಲು ಅವಕಾಶವಿರುವುದರಿಂದ ಕಚೇರಿಯಲ್ಲಿ ಯಾರೂ ಅದನ್ನು ಚಿಕ್ಕದೆಂದು ನೋಡುವುದಿಲ್ಲ. ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿಯಬೇಕಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳನ್ನು ಮೀರದಂತೆ ಇರಬೇಕು. ಉತ್ತರಕ್ಕೆ 30 ದಿನಗಳ ಗಡುವು ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

ಪ್ರಶ್ನೆ: ನಮ್ಮ ಅಮ್ಮ ವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಸುಂಕದವರು ಒಂದು ವಾರ 20, ಇನ್ನೊಂದು ವಾರ 50 ರೂಪಾಯಿ ಕೇಳುತ್ತಾರೆ. ಚೀಟಿ ಕೊಡುವುದಿಲ್ಲ. ಕೇಳಿದರೆ ಸೊಪ್ಪಿನ ಕಟ್ಟು ಎತ್ತಿಕೊಂಡು ಹೋಗುತ್ತಾರೆ. ಅಮ್ಮನಿಗೆ ಓದು ಬರುವುದಿಲ್ಲ. – ಕಾಲೇಜು ವಿದ್ಯಾರ್ಥಿನಿ, ರಾಯಚೂರು ಜಿಲ್ಲೆ

ಉತ್ತರ: ಮಗಳೇ, ಸಂತೆಯ ಸುಂಕ ಎತ್ತುವ ಹಕ್ಕನ್ನು ಸ್ಥಳೀಯ ಸಂಸ್ಥೆ ಹರಾಜಿನಲ್ಲಿ ಗುತ್ತಿಗೆ ಕೊಡುತ್ತದೆ. ಸುಂಕದ ದರವನ್ನು ಗೊತ್ತುಪಡಿಸುವುದು ಮಾತ್ರ ಸಂಸ್ಥೆಯೇ. ತಲೆಹೊರೆಯ ಬುಟ್ಟಿಗೆ ಇಷ್ಟು, ಕೈಗಾಡಿಗೆ ಇಷ್ಟು, ವಾಹನಕ್ಕೆ ಇಷ್ಟು ಎಂದು ಹರಾಜಿನ ಷರತ್ತಿನಲ್ಲಿ ಬರೆದಿರುತ್ತದೆ. ಗುತ್ತಿಗೆದಾರರು ಅದನ್ನು ಮೀರುವಂತಿಲ್ಲ, ಪಡೆದ ಹಣಕ್ಕೆ ಚೀಟಿ ಕೊಡಬೇಕು. ಸೊಪ್ಪಿನ ಕಟ್ಟು ಎತ್ತಿಕೊಂಡು ಹೋಗುವ ಅಧಿಕಾರ ಅವರಿಗೆ ಎಲ್ಲಿಯೂ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ನಿಮ್ಮ ತಾಯಿಯವರು ಪಟ್ಟಣ ವ್ಯಾಪಾರ ಸಮಿತಿಯ ಸಮೀಕ್ಷೆಯಲ್ಲಿ ಹೆಸರು ಬರೆಸಿ ಗುರುತಿನ ಚೀಟಿ ಪಡೆದಿದ್ದರೆ ಅದನ್ನು ಸಂತೆಗೆ ಹೋಗುವಾಗ ಇಟ್ಟುಕೊಳ್ಳಲಿ.

ಅವರಿಗೆ ಓದು ಬರದಿದ್ದರೂ ನಿನಗೆ ಬರುತ್ತದೆ. ಕಚೇರಿಗೆ ಹೋಗಿ ಈ ವರ್ಷದ ಸಂತೆ ಸುಂಕದ ಹರಾಜಿನ ಷರತ್ತು ಮತ್ತು ದರಪಟ್ಟಿಯ ನಕಲು ಕೇಳು. ಕೊಡದಿದ್ದರೆ ಮೇಲೆ ಹೇಳಿದ ಮಾಹಿತಿ ಹಕ್ಕಿನ ಅರ್ಜಿ ಹಾಕು, ನಕಲಿಗೆ ಪುಟಕ್ಕೆ ಎರಡು ರೂಪಾಯಿ. ದರಪಟ್ಟಿಯ ಫಲಕವನ್ನು ಸಂತೆಯ ಬಾಗಿಲಿನಲ್ಲಿ ಹಾಕಿಸಬೇಕೆಂದು ಅರ್ಜಿ ಬರೆ. ಅದಕ್ಕೆ ಅಮ್ಮನೊಬ್ಬರದೇ ಸಹಿ ಬೇಡ, ಸಾಲಿನಲ್ಲಿ ಅವರ ಅಕ್ಕಪಕ್ಕ ಕೂರುವ ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸು. ಹಾಗಾದರೆ ಮುಂದಿನ ವಾರ ಒಬ್ಬರ ಕಟ್ಟನ್ನೇ ಹುಡುಕಿ ಎತ್ತಿಕೊಂಡು ಹೋಗುವುದು ಕಷ್ಟ. ಫಲಕದಲ್ಲಿ ಅಂಕಿಯ ಜೊತೆಗೆ ಬುಟ್ಟಿ, ಗಾಡಿಯ ಚಿತ್ರವನ್ನೂ ಬರೆಸಬೇಕೆಂದು ಅರ್ಜಿಯಲ್ಲಿ ಸೇರಿಸು. ದುಡ್ಡಿನ ಅಂಕಿ ನಿಮ್ಮ ಅಮ್ಮನಿಗೆ ಗೊತ್ತಿದ್ದೇ ಇರುತ್ತದೆ, ಚಿತ್ರವಿದ್ದರೆ ತಮ್ಮ ಬುಟ್ಟಿಗೆ ಎಷ್ಟೆಂಬುದನ್ನು ಅವರೇ ಬೆರಳಿಟ್ಟು ತೋರಿಸುತ್ತಾರೆ.